ಷೇರಿನ ಬೆಲೆ ಅಂದರೆ ಯಾವ ಬೆಲೆ? ಗ್ನೂಕ್ಯಾಶ್‌ನಲ್ಲಿ ಬೆಲೆಯ ಬಗೆಗಳನ್ನು ಅರಿತು ಬಳಸುವ ಬಗೆ

ಅಮ್ಮ ತಮ್ಮ ಹೆಸರಿನಲ್ಲಿರುವ ಷೇರುಗಳ ಬೆಲೆಯನ್ನು ತಿಂಗಳಿಗೊಮ್ಮೆ ಡೈರಿಯಲ್ಲಿ ಬರೆದಿಡುತ್ತಾರೆ. ಬೆಳಗಿನ ಕಾಫಿ ಆದಮೇಲೆ ಪೇಪರ್ ನೋಡಿ ಬರೆಯುವುದು ಅವರ ಅಭ್ಯಾಸ. ಅದೇ ಲೆಕ್ಕವನ್ನು ನಾನು ಕಂಪ್ಯೂಟರ್‌ಗೆ ಹಾಕಲು ಶುರು ಮಾಡಿದ ದಿನವೇ ನಮ್ಮಿಬ್ಬರ ಸಂಖ್ಯೆ ಹೊಂದಲಿಲ್ಲ. ಒಂದೇ ಷೇರು, ಇಬ್ಬರೂ ಬರೆದದ್ದು ಹಿಂದಿನ ದಿನದ ಬೆಲೆಯನ್ನೇ. ಡೈರಿಯಲ್ಲಿ 412.35, ನನ್ನ ಪರದೆಯಲ್ಲಿ 413.10. "ಇದ್ರಲ್ಲಿ ಯಾವ್ದು ಸರಿ ಕಣೋ?" ಅಂತ ಅಮ್ಮ ಕೇಳಿದರು.

ಎರಡೂ ಸರಿಯಾಗಿಯೇ ಇದ್ದವು. ಅವರದು ಮುಕ್ತಾಯದ ಬೆಲೆ, ನನ್ನದು ಕೊನೆಯ ವಹಿವಾಟಿನ ಬೆಲೆ. ಎಪ್ಪತ್ತೈದು ಪೈಸೆಯ ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಅದರ ಹಿಂದೆ ಹೋದಾಗ ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪುಗಳು ಸಿಕ್ಕವು. "ಬೆಲೆ" ಅಂತ ಒಂದೇ ಒಂದು ಸಂಖ್ಯೆ ಇರುತ್ತದೆ ಅಂದುಕೊಂಡಿದ್ದೇ ಎಲ್ಲಕ್ಕೂ ಮೂಲ. ನೀವೂ ಮನೆಯ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲಿ ಇಡುವವರಾದರೆ ಈ ಬರಹ ನಿಮಗೆ ನೆರವಾಗಲಿ.

ಉದಾಹರಣೆಗೆ ಗ್ನೂಕ್ಯಾಶ್ ಎಂಬ ಲೆಕ್ಕ ಇಡುವ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. ಉಚಿತವಾಗಿ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಜಮಾ-ಖರ್ಚನ್ನು ಎರಡೂ ಕಡೆ ಬರೆಯುವ ಪದ್ಧತಿಯಲ್ಲಿ ನಡೆಯುತ್ತದೆ. ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೆ ಮೆನುವಿನ ಹೆಸರು ಬದಲಾಗಬಹುದು, ವಿಷಯ ಹೆಚ್ಚುಕಡಿಮೆ ಇದೇ.

ಮೊದಲು ಬೆಲೆಗಳ ಪರಿಚಯ

ಚಿನ್ನದ ಅಂಗಡಿಗೆ ಹೋಗಿ ನೋಡಿ. ನೀವು ಕೊಳ್ಳುವಾಗ ಒಂದು ದರ, ಅದೇ ಚಿನ್ನವನ್ನು ಅದೇ ದಿನ ಮಾರಲು ಹೋದರೆ ಅದಕ್ಕಿಂತ ಕಡಿಮೆ ದರ. ಷೇರುಪೇಟೆಯಲ್ಲೂ ಹಾಗೆಯೇ. ಕೊಳ್ಳುವವರು "ಇಷ್ಟು ಕೊಡುತ್ತೇನೆ" ಅನ್ನುವುದು ಬಿಡ್. ಮಾರುವವರು "ಇಷ್ಟು ಬೇಕು" ಅನ್ನುವುದು ಆಸ್ಕ್. ದಿನವಿಡೀ ಜೋರಾಗಿ ವಹಿವಾಟು ನಡೆಯುವ ದೊಡ್ಡ ಕಂಪನಿಯ ಷೇರಿನಲ್ಲಿ ಎರಡರ ನಡುವೆ ಕೆಲವು ಪೈಸೆಗಳ ಅಂತರ ಅಷ್ಟೇ. ಯಾರೂ ಕೇಳದ ಸಣ್ಣ ಕಂಪನಿಯ ಷೇರಿನಲ್ಲಿ ಈ ಅಂತರ ರೂಪಾಯಿಗಳಿಗೆ ಹೋಗುತ್ತದೆ. ಅಂಥ ಷೇರು ನಿಮ್ಮಲ್ಲಿದ್ದರೆ, ಇವತ್ತೇ ಮಾರಿದರೆ ಕೈಗೆ ಬರುವುದು ಬಿಡ್ ಬೆಲೆ ಅನ್ನುವುದನ್ನು ನೆನಪಿಡಿ. ಪರದೆಯಲ್ಲಿ ಕಾಣುವ ದೊಡ್ಡ ಸಂಖ್ಯೆ ಮೂರು ದಿನದ ಹಿಂದಿನ ವಹಿವಾಟಿನದೂ ಆಗಿರಬಹುದು.

ಕೊಳ್ಳುವವರೂ ಮಾರುವವರೂ ಒಪ್ಪಿ ನಿಜವಾಗಿ ಕೈಬದಲಾದ ಇತ್ತೀಚಿನ ಬೆಲೆ ಲಾಸ್ಟ್. ಬ್ರೋಕರ್ ಆ್ಯಪ್‌ಗಳಲ್ಲಿ ಎಲ್‌ಟಿಪಿ (ಲಾಸ್ಟ್ ಟ್ರೇಡೆಡ್ ಪ್ರೈಸ್) ಅಂತ ಇರುವುದು ಇದೇ.

ಇನ್ನು ಕ್ಲೋಸ್, ಅಂದರೆ ಮುಕ್ತಾಯದ ಬೆಲೆ. ದಿನದ ಕೊನೆಯ ವಹಿವಾಟಿನ ಬೆಲೆಯೇ ಕ್ಲೋಸ್ ಅಂತ ತುಂಬಾ ಜನ ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಎನ್‌ಎಸ್‌ಇಯಲ್ಲಿ, ಅಂದರೆ ರಾಷ್ಟ್ರೀಯ ಷೇರುಪೇಟೆಯಲ್ಲಿ, ವರ್ಷಗಳಿಂದ ನಡೆದುಬಂದ ಪದ್ಧತಿ ಬೇರೆ. ಮಧ್ಯಾಹ್ನ 3ರಿಂದ 3.30ರವರೆಗೆ, ಅಂದರೆ ಕೊನೆಯ ಅರ್ಧ ಗಂಟೆಯಲ್ಲಿ ನಡೆದ ಎಲ್ಲ ವಹಿವಾಟುಗಳ ಸರಾಸರಿ ಅದು. ಬರೀ ಸರಾಸರಿಯಲ್ಲ, ಜಾಸ್ತಿ ಷೇರು ಕೈಬದಲಾದ ಬೆಲೆಗೆ ಜಾಸ್ತಿ ತೂಕ. ಕೊನೆಯ ಸೆಕೆಂಡಿನಲ್ಲಿ ಯಾರೋ ಹತ್ತು ಷೇರು ಕೊಂಡು ಬೆಲೆಯನ್ನು ಏರಿಸಿಬಿಡಬಾರದು ಅಂತ ಈ ಏರ್ಪಾಡು. ಎಕ್ಸ್‌ಚೇಂಜ್ ದಿನವೂ ಹೊರಡಿಸುವ ಭಾವ್‌ಕಾಪಿ ಎಂಬ ಫೈಲ್ ತೆರೆದು ನೋಡಿ, ಕ್ಲೋಸ್‌ಗೆ ಒಂದು ಕಾಲಂ, ಲಾಸ್ಟ್‌ಗೆ ಇನ್ನೊಂದು ಕಾಲಂ ಇರುತ್ತದೆ. ಅಮ್ಮನ ಡೈರಿ ಮತ್ತು ನನ್ನ ಪರದೆಯ ನಡುವಿನ ಎಪ್ಪತ್ತೈದು ಪೈಸೆ ಹುಟ್ಟಿದ್ದು ಇಲ್ಲೇ.

ಅಡಿಕೆ ಬೆಳೆಯುವ ಮನೆಯವರಿಗೆ ಇದೆಲ್ಲ ಹೊಸದಲ್ಲ. ಪೇಪರಿನ ಮಾರುಕಟ್ಟೆ ಧಾರಣೆಯಲ್ಲಿ ಒಂದೇ ರಾಶಿ ಅಡಿಕೆಗೆ ಕನಿಷ್ಠ, ಗರಿಷ್ಠ ಅಂತ ಬೇರೆ ಬೇರೆ ದರ ಇರುತ್ತದೆ ಅಲ್ವಾ? ಷೇರಿಗೂ ದಿನದ ಆರಂಭದ ಬೆಲೆ, ಗರಿಷ್ಠ, ಕನಿಷ್ಠ ಅಂತ ಇರುತ್ತವೆ. ಮನೆಯ ಲೆಕ್ಕಕ್ಕೆ ಇವು ಸಾಮಾನ್ಯವಾಗಿ ಬೇಡ. ಒಂದು ಕಡೆ ಮಾತ್ರ ಗರಿಷ್ಠ ಬೆಲೆ ಬೇಕೇ ಬೇಕು, ಅದನ್ನು ಕೊನೆಯ ಕಡೆ ಹೇಳುತ್ತೇನೆ.

ಮ್ಯೂಚುವಲ್ ಫಂಡ್‌ಗೆ ಇರುವುದು ಎನ್‌ಎವಿ, ಅಂದರೆ ನೆಟ್ ಅಸೆಟ್ ವ್ಯಾಲ್ಯೂ. ಅಲ್ಲಿ ಬಿಡ್ಡೂ ಇಲ್ಲ, ಆಸ್ಕೂ ಇಲ್ಲ. ಫಂಡಿನ ಒಟ್ಟು ಆಸ್ತಿಯಿಂದ ಸಾಲ, ಖರ್ಚು ಕಳೆದು, ಉಳಿದದ್ದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ದಿನಕ್ಕೆ ಒಂದೇ, ಅದೂ ಪೇಟೆ ಮುಚ್ಚಿದ ಮೇಲೆ.

ಹಂತ 1: ಷೇರನ್ನು ಸರಿಯಾಗಿ ಪರಿಚಯಿಸಿ

ಟೂಲ್ಸ್ ಮೆನುವಿನಲ್ಲಿ ಸೆಕ್ಯುರಿಟಿ ಎಡಿಟರ್ ತೆರೆಯಿರಿ. ಕಂಪನಿಯ ಪೂರ್ತಿ ಹೆಸರು, ಚಿಹ್ನೆ (ಪೇಟೆಯಲ್ಲಿ ಆ ಷೇರನ್ನು ಗುರುತಿಸುವ ಚುಟುಕು ಹೆಸರು), ಯಾವ ಪೇಟೆ ಅನ್ನುವುದನ್ನು ತುಂಬಿ. ಬೆಲೆಯನ್ನು ಯಾಹೂ ಮೂಲಕ ತರಿಸುವುದಾದರೆ ಎನ್‌ಎಸ್‌ಇಯ ಚಿಹ್ನೆಯ ಹಿಂದೆ ಚುಕ್ಕಿ ಇಟ್ಟು ಎನ್‌ಎಸ್ ಅಂತಲೂ, ಬಿಎಸ್‌ಇ, ಅಂದರೆ ಮುಂಬೈ ಷೇರುಪೇಟೆಯದಾದರೆ ಚುಕ್ಕಿ ಇಟ್ಟು ಬಿಒ ಅಂತಲೂ ಸೇರಿಸಬೇಕು. ಇದನ್ನು ಬಿಟ್ಟರೆ ಇನ್ಫೋಸಿಸ್ ವಿಷಯದಲ್ಲಿ ಒಂದು ವಿಚಿತ್ರ ಆಗುತ್ತದೆ. ಅದೇ ಚಿಹ್ನೆಯಲ್ಲಿ ಇನ್ಫೋಸಿಸ್‌ನ ಎಡಿಆರ್ (ಅದರ ಷೇರಿನ ಬದಲಿಗೆ ಅಮೆರಿಕದಲ್ಲಿ ಮಾರುವ ಪತ್ರ) ನ್ಯೂಯಾರ್ಕ್ ಪೇಟೆಯಲ್ಲಿ ಡಾಲರ್ ಲೆಕ್ಕದಲ್ಲಿ ನಡೆಯುತ್ತದೆ. ಬಾಲ ಇಲ್ಲದ ಚಿಹ್ನೆ ಕೊಟ್ಟರೆ ಬರುವುದು ಆ ಬೆಲೆ.

ಅಲ್ಲೇ ಕೆಳಗೆ ಫ್ರಾಕ್ಷನ್ ಅಂತ ಇರುತ್ತದೆ. ಷೇರಿಗೆ 1 ಸಾಕು. ಮ್ಯೂಚುವಲ್ ಫಂಡಿನ ಯೂನಿಟ್ ಮೂರು ದಶಮಾಂಶದವರೆಗೆ ಬರುವುದರಿಂದ ಸಾವಿರದಲ್ಲೊಂದು ಭಾಗ ಅಂತ ಇಡಿ. ಇದನ್ನು ಮೊದಲೇ ಸರಿಯಾಗಿ ಇಡದಿದ್ದರೆ ಯೂನಿಟ್‌ಗಳ ಸಂಖ್ಯೆ ಕತ್ತರಿಸಿಹೋಗುತ್ತದೆ, ಆಮೇಲೆ ಬೆಲೆ ಎಷ್ಟೇ ಸರಿ ಇದ್ದರೂ ಮೊತ್ತ ಹೊಂದುವುದಿಲ್ಲ.

ಹಂತ 2: ಬೆಲೆಯ ಪಟ್ಟಿಯನ್ನು ಓದಲು ಕಲಿಯಿರಿ

ಟೂಲ್ಸ್ ಮೆನುವಿನಲ್ಲೇ ಪ್ರೈಸ್ ಡೇಟಾಬೇಸ್ ಇದೆ. ನಿಮ್ಮ ಷೇರನ್ನು ಬಿಡಿಸಿ ನೋಡಿದರೆ ಸಾಲು ಸಾಲಾಗಿ ದಿನಾಂಕ, ಮೂಲ, ಬಗೆ, ಬೆಲೆ ಕಾಣುತ್ತವೆ. ಹೊಸ ಬೆಲೆ ಸೇರಿಸಲು ಆ್ಯಡ್ ಒತ್ತಿ. ಬಗೆ ಅನ್ನುವಲ್ಲಿ ಬಿಡ್, ಆಸ್ಕ್, ಲಾಸ್ಟ್, ನೆಟ್ ಅಸೆಟ್ ವ್ಯಾಲ್ಯೂ, ಅನ್‌ನೋನ್ ಅನ್ನುವ ಆಯ್ಕೆಗಳು ಸಿಗುತ್ತವೆ.

ಈ ಬಗೆ ಅನ್ನುವುದು ಬರೀ ಚೀಟಿ. ಲೆಕ್ಕ ಹಾಕುವಾಗ ಗ್ನೂಕ್ಯಾಶ್ ಅದನ್ನು ನೋಡುವುದಿಲ್ಲ. ನೀವು 413.10ಕ್ಕೆ ಬಿಡ್ ಅಂತ ಹಾಕಿದರೂ ಅಷ್ಟೇ, ಲಾಸ್ಟ್ ಅಂತ ಹಾಕಿದರೂ ಅಷ್ಟೇ, ನೂರು ಷೇರಿಗೆ 41,310 ರೂಪಾಯಿ ಅಂತಲೇ ತೋರಿಸುತ್ತದೆ. ಹಾಗಾದರೆ ಬಗೆ ಯಾಕೆ ಬೇಕು? ನಿಮಗಾಗಿ. ಎರಡು ವರ್ಷ ಕಳೆದು ಒಂದು ಸಂಖ್ಯೆಯ ಮೇಲೆ ಅನುಮಾನ ಬಂದಾಗ, ಅದು ಎಲ್ಲಿಂದ ಬಂತು ಅಂತ ತಿಳಿಯಲು ಇರುವ ದಾರಿ ಇದೇ. ಉಪ್ಪಿನಕಾಯಿ ಭರಣಿಯ ಮೇಲೆ ಹಾಕಿದ ವರ್ಷ ಬರೆದ ಹಾಗೆ. ರುಚಿ ಅದರಿಂದ ಬದಲಾಗುವುದಿಲ್ಲ, ಆದರೆ ಯಾವುದನ್ನು ಮೊದಲು ತೆಗೆಯಬೇಕು ಅಂತ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಕ್ಲೋಸ್ ಅನ್ನುವ ಬಗೆಯೇ ಇಲ್ಲ. ಹಾಗಾಗಿ ನಾನು ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಮುಕ್ತಾಯದ ಬೆಲೆಯನ್ನು ಲಾಸ್ಟ್ ಅಂತ ಹಾಕುವುದು, ದಿನದ ನಡುವಿನ ಬೆಲೆಯನ್ನು ಹಾಕಲೇಬಾರದು. ಫಂಡಿಗೆ ನೆಟ್ ಅಸೆಟ್ ವ್ಯಾಲ್ಯೂ. ಪೇಟೆಯಲ್ಲಿ ಇಲ್ಲದ ವಸ್ತುವಿಗೆ, ಉದಾಹರಣೆಗೆ ಊರಿನ ಸಹಕಾರಿ ಸಂಘದ ಷೇರಿಗೆ, ಅನ್‌ನೋನ್. ನಿಮ್ಮ ನಿಯಮ ಬೇರೆ ಇರಬಹುದು. ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಹಂತ 3: ಮೂಲವನ್ನು ನೋಡಿ, ಅದಕ್ಕೆ ಬಲ ಇದೆ

ಬಗೆಗೆ ಇಲ್ಲದ ಬಲ ಮೂಲಕ್ಕೆ ಇದೆ. ಒಂದು ಷೇರಿಗೆ ಒಂದು ದಿನಕ್ಕೆ ಒಂದೇ ಬೆಲೆಯನ್ನು ಗ್ನೂಕ್ಯಾಶ್ ಇಟ್ಟುಕೊಳ್ಳುತ್ತದೆ. ಎರಡನೆಯದು ಬಂದರೆ ಯಾವುದನ್ನು ಉಳಿಸಬೇಕು ಅಂತ ಮೂಲ ನೋಡಿ ತೀರ್ಮಾನಿಸುತ್ತದೆ. ನೀವೇ ಬೆಲೆಯ ಪಟ್ಟಿಗೆ ಕೈಯಾರೆ ಸೇರಿಸಿದ್ದಕ್ಕೆ ಮೊದಲ ಮಣೆ. ಅದರ ಕೆಳಗೆ ಫೈನಾನ್ಸ್ ಕೋಟ್, ಅಂದರೆ ಇಂಟರ್‌ನೆಟ್‌ನಿಂದ ಬಂದದ್ದು. ಕೊಳ್ಳುವ, ಮಾರುವ ವ್ಯವಹಾರ ಬರೆದಾಗ ತಾನಾಗಿ ಸೇರಿಕೊಳ್ಳುವ ಬೆಲೆ ಇನ್ನೂ ಕೆಳಗೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಬೆಳಿಗ್ಗೆ 1,500ರಂತೆ ಕೊಂಡದ್ದನ್ನು ಬರೆದಿರಿ, ಸಂಜೆ ಇಂಟರ್‌ನೆಟ್‌ನಿಂದ 1,512 ತರಿಸಿದಿರಿ ಅನ್ನಿ. ಆ ದಿನದ ಬೆಲೆ 1,512 ಆಗುತ್ತದೆ. ಗಾಬರಿ ಬೇಡ, ನೀವು ಕೊಟ್ಟ ಹಣದ ಲೆಕ್ಕ ವ್ಯವಹಾರದ ಸಾಲಿನಲ್ಲೇ ಭದ್ರವಾಗಿರುತ್ತದೆ. ಇನ್ನೊಂದು ಕಡೆ, ತಪ್ಪು ಬೆಲೆಯನ್ನು ಕೈಯಾರೆ ಹಾಕಿದ್ದರೆ ಇಂಟರ್‌ನೆಟ್‌ನಿಂದ ಎಷ್ಟು ಸಲ ತರಿಸಿದರೂ ಅದು ಅಲುಗುವುದಿಲ್ಲ. "ಗೆಟ್ ಕೋಟ್ಸ್ ಒತ್ತಿದರೂ ಬೆಲೆ ಬದಲಾಗ್ತಿಲ್ಲ" ಅಂತ ಅನ್ನಿಸಿದರೆ ಮೊದಲು ಆ ದಿನದ ಸಾಲಿನ ಮೂಲ ನೋಡಿ. ನೀವು ಹಾಕಿದ್ದೇ ಆಗಿದ್ದರೆ ಅಳಿಸಿ, ಮತ್ತೆ ತರಿಸಿ.

ಹಂತ 4: ಕೊಂಡದ್ದನ್ನು ಬರೆಯುವಾಗ ಖರ್ಚನ್ನು ಬೇರೆ ಮಾಡಿ

ಬೆಲೆಯ ಪಟ್ಟಿಯಲ್ಲಿ ಟ್ರಾನ್ಸಾಕ್ಷನ್ ಅನ್ನುವ ಬಗೆಯೂ ಕಾಣುತ್ತದೆ. ನೀವು ಷೇರಿನ ಖಾತೆಯಲ್ಲಿ ವ್ಯವಹಾರ ಬರೆದಾಗ ಮೊತ್ತವನ್ನು ಷೇರಿನ ಸಂಖ್ಯೆಯಿಂದ ಭಾಗಿಸಿ ಗ್ನೂಕ್ಯಾಶ್ ತಾನೇ ಸೇರಿಸಿಕೊಂಡ ಬೆಲೆ ಅದು. ಭಾಗಾಕಾರದಿಂದ ಬಂದದ್ದು ಅನ್ನುವುದೇ ಇಲ್ಲಿ ಮುಖ್ಯ.

ಹತ್ತು ಷೇರನ್ನು 1,500ರಂತೆ ಕೊಂಡಿರಿ. ಷೇರುಗಳ ಮೊತ್ತ 15,000. ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ), ಸ್ಟ್ಯಾಂಪ್ ಡ್ಯೂಟಿ, ಜಿಎಸ್‌ಟಿ ಎಲ್ಲ ಸೇರಿ 45 ರೂಪಾಯಿ ಅಂತ ಇಟ್ಟುಕೊಳ್ಳಿ. ಬ್ಯಾಂಕಿನಿಂದ ಹೋದದ್ದು 15,045. ಸುಲಭ ಅಂತ ಅಷ್ಟನ್ನೂ ಒಂದೇ ಸಾಲಿನಲ್ಲಿ ಬರೆದರೆ ಬೆಲೆ 1,504.50 ಅಂತ ಪಟ್ಟಿಗೆ ಹೋಗುತ್ತದೆ. ಆ ದಿನ ಪೇಟೆಯಲ್ಲಿ ಆ ಬೆಲೆಗೆ ಒಂದೇ ಒಂದು ಷೇರೂ ಮಾರಾಟವಾಗಿರದೆ ಇರಬಹುದು.

ಹೀಗೆ ಮಾಡಿ. ಬ್ರೋಕರ್ ಕಳಿಸುವ ವಹಿವಾಟಿನ ವಿವರ, ಅಂದರೆ ಕಾಂಟ್ರಾಕ್ಟ್ ನೋಟ್, ಪಕ್ಕದಲ್ಲಿ ಇಟ್ಟುಕೊಳ್ಳಿ. ವ್ಯವಹಾರವನ್ನು ಸ್ಪ್ಲಿಟ್ ಮಾಡಿ, ಅಂದರೆ ಹಲವು ಸಾಲುಗಳಾಗಿ ಒಡೆಯಿರಿ. ಷೇರಿನ ಸಾಲಿಗೆ 10 ಷೇರು, ಬೆಲೆ 1,500, ಮೊತ್ತ 15,000. ಬ್ರೋಕರೇಜ್ ಇತ್ಯಾದಿಗೆ ಒಂದು ಸಾಲು. ಎಸ್‌ಟಿಟಿಗೆ ಬೇರೆಯದೇ ಒಂದು ಸಾಲು. ಇದನ್ನು ಬೇರೆ ಮಾಡಲು ಕಾರಣ ಇದೆ. ಷೇರನ್ನು ಅದೇ ದಿನ ಮಾರದೆ ಡೆಲಿವರಿ ತೆಗೆದುಕೊಂಡಾಗ ಎಸ್‌ಟಿಟಿ ಶೇ 0.1, ಅಂದರೆ ಇಲ್ಲಿ 15 ರೂಪಾಯಿ. ಕ್ಯಾಪಿಟಲ್ ಗೇನ್ಸ್, ಅಂದರೆ ಮಾರಿದಾಗ ಬಂದ ಲಾಭದ ಲೆಕ್ಕದಲ್ಲಿ ಬ್ರೋಕರೇಜನ್ನು ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಜುಲೈನಲ್ಲಿ ರಿಟರ್ನ್ ತುಂಬುವಾಗ ಮತ್ತೆ ಹಳೆಯ ಕಾಗದ ಕೆದಕಬೇಕು.

ಒಂದೇ ಆರ್ಡರ್ ಮೂರು ನಾಲ್ಕು ತುಂಡಾಗಿ ಬೇರೆ ಬೇರೆ ಬೆಲೆಗೆ ಆಗುವುದುಂಟು. ಆಗ ಪ್ರತಿ ತುಂಡನ್ನೂ ಬರೆಯುವ ಅಗತ್ಯ ನನಗೆ ಕಂಡಿಲ್ಲ. ಒಟ್ಟು ಸಂಖ್ಯೆ, ಒಟ್ಟು ಮೊತ್ತ ಬರೆಯಿರಿ, ಬೆಲೆಯ ಜಾಗ ಖಾಲಿ ಬಿಡಿ, ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಹಂತ 5: ಇಂಟರ್‌ನೆಟ್‌ನಿಂದ ಬೆಲೆ ತರಿಸುವಾಗ ಗಡಿಯಾರ ನೋಡಿ

ಸೆಕ್ಯುರಿಟಿ ಎಡಿಟರ್‌ನಲ್ಲಿ ಗೆಟ್ ಆನ್‌ಲೈನ್ ಕೋಟ್ಸ್ ಗುರುತು ಹಾಕಿ, ಮೂಲವನ್ನು ಆರಿಸಿ. ಆಮೇಲೆ ಪ್ರೈಸ್ ಡೇಟಾಬೇಸ್‌ನಲ್ಲಿ ಗೆಟ್ ಕೋಟ್ಸ್ ಒತ್ತಿದರೆ ಸಾಕು. ಹೊರಗಿನಿಂದ ಬೆಲೆ ತರುವ ಫೈನಾನ್ಸ್ ಕೋಟ್ ಎಂಬ ಪುಟ್ಟ ಸಾಧನ ಒಂದು ಷೇರಿಗೆ ಹಲವು ಸಂಖ್ಯೆಗಳನ್ನು ತಂದು ಸುರಿಯುತ್ತದೆ. ಗ್ನೂಕ್ಯಾಶ್ ಅದರಲ್ಲಿ ಮೊದಲು ಲಾಸ್ಟ್ ಹುಡುಕುತ್ತದೆ. ಇಲ್ಲದಿದ್ದರೆ ಎನ್‌ಎವಿ. ಅದೂ ಇಲ್ಲದಿದ್ದರೆ ಸುಮ್ನೆ ಪ್ರೈಸ್ ಅಂತ ಬಂದದ್ದನ್ನು ತೆಗೆದುಕೊಂಡು ಅನ್‌ನೋನ್ ಅಂತ ಚೀಟಿ ಹಚ್ಚುತ್ತದೆ. ಷೇರಿಗೆ ಬಗೆ ಅನ್‌ನೋನ್ ಅಂತ ಬಂದಿದ್ದರೆ ಒಂದು ಸಲ ಕಣ್ಣಾಡಿಸಿ.

ಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು 3.30ಕ್ಕೆ ಮುಚ್ಚುತ್ತದೆ. ಹನ್ನೊಂದು ಗಂಟೆಗೆ ಬೆಲೆ ತರಿಸಿದರೆ ಬರುವುದು ಹನ್ನೊಂದು ಗಂಟೆಯ ಲಾಸ್ಟ್. ಪಟ್ಟಿಯಲ್ಲಿ ದಿನಾಂಕ ಮಾತ್ರ ಕಾಣುತ್ತದೆ, ಗಂಟೆ ಕಾಣುವುದಿಲ್ಲ. ನೀವು ಸಂಜೆ ಮತ್ತೊಮ್ಮೆ ತರಿಸದಿದ್ದರೆ ಅದೇ ಆ ದಿನದ ಬೆಲೆಯಾಗಿ ಉಳಿದುಬಿಡುತ್ತದೆ. ಹಾಗಾಗಿ ರಾತ್ರಿ ಊಟ ಆದಮೇಲೆ ತರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮಾರ್ಚ್ 31ರಂಥ ಮುಖ್ಯ ದಿನಗಳಲ್ಲಿ ಮಾತ್ರ ಭಾವ್‌ಕಾಪಿಯ ಕ್ಲೋಸ್ ಜೊತೆ ಒಂದೊಂದಾಗಿ ಹೋಲಿಸಿ, ಬೇರೆ ಇದ್ದರೆ ಕೈಯಾರೆ ತಿದ್ದಿ.

ಹಂತ 6: ಫಂಡಿಗೆ ಸರಿಯಾದ ಎನ್‌ಎವಿ

ಫಂಡುಗಳ ಎನ್‌ಎವಿಯನ್ನು ಆ್ಯಂಫಿ, ಅಂದರೆ ಮ್ಯೂಚುವಲ್ ಫಂಡುಗಳ ಸಂಘ, ದಿನವೂ ರಾತ್ರಿ ಹೊರಡಿಸುತ್ತದೆ. ಪ್ರತಿ ಸ್ಕೀಮಿಗೂ ಒಂದು ಕೋಡ್ ಇರುತ್ತದೆ. ಫೈನಾನ್ಸ್ ಕೋಟ್‌ನಲ್ಲಿ ಭಾರತದ ಫಂಡುಗಳಿಗೆ ಬೇರೆ ಮೂಲವೇ ಇದೆ, ಅಲ್ಲಿ ಚಿಹ್ನೆಯ ಬದಲು ಈ ಕೋಡ್ ಕೊಡಬೇಕು.

ನಾನು ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ. ಫಂಡಿನ ಹೆಸರು ನೋಡಿ ಕಂಡ ಮೊದಲ ಕೋಡ್ ಹಾಕಿದ್ದೆ. ಒಂದೇ ಹೆಸರಿನ ಫಂಡಿಗೆ ಡೈರೆಕ್ಟ್, ರೆಗ್ಯುಲರ್ ಅಂತ ಎರಡು ಪ್ಲಾನ್. ಪ್ರತಿಯೊಂದರಲ್ಲೂ ಗ್ರೋತ್ (ಲಾಭ ಫಂಡಿನಲ್ಲೇ ಉಳಿಯುವುದು), ಐಡಿಸಿಡಬ್ಲ್ಯು (ಲಾಭವನ್ನು ಆಗಾಗ ಹಂಚುವುದು) ಅಂತ ಬೇರೆ ಬೇರೆ ಆಯ್ಕೆ. ಎಲ್ಲಕ್ಕೂ ಬೇರೆ ಕೋಡ್, ಬೇರೆ ಎನ್‌ಎವಿ. ನಮ್ಮದು ಡೈರೆಕ್ಟ್ ಗ್ರೋತ್, ನಾನು ಹಾಕಿದ್ದು ರೆಗ್ಯುಲರ್ ಗ್ರೋತ್. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಖರ್ಚಾಗಿ ಹೋಗುವುದರಿಂದ ಅದರ ಎನ್‌ಎವಿ ಕಡಿಮೆ, ಮತ್ತು ವರ್ಷ ಕಳೆದ ಹಾಗೆ ಅಂತರ ಬೆಳೆಯುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಏರಿಳಿಯುವುದರಿಂದ ಅನುಮಾನವೇ ಬರಲಿಲ್ಲ. ಮನೆಗೆ ಬಂದ ಒಟ್ಟು ಖಾತೆಯ ಸ್ಟೇಟ್‌ಮೆಂಟ್ ಜೊತೆ ಸಾಲು ಸಾಲಾಗಿ ಹೋಲಿಸಿದ ದಿನವೇ ಗೊತ್ತಾದದ್ದು. ಅದಕ್ಕೇ ಹೇಳುತ್ತಿದ್ದೇನೆ, ಕೋಡ್ ಹಾಕಿದ ದಿನವೇ ಸ್ಟೇಟ್‌ಮೆಂಟಿನ ಎನ್‌ಎವಿ ಜೊತೆ ನಾಲ್ಕೂ ದಶಮಾಂಶ ಹೋಲಿಸಿ ನೋಡಿ.

ಹಂತ 7: ಸ್ಪ್ಲಿಟ್, ಬೋನಸ್ ಮತ್ತು "ಸರಿಪಡಿಸಿದ" ಬೆಲೆ

ಇದು ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವ ಜಾಗ. ನಿಧಾನವಾಗಿ ಓದಿ.

1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ನಮ್ಮಲ್ಲಿ ತುಂಬಾ ಮನೆಗಳಲ್ಲಿರುವ ಷೇರು. 2024ರ ಮೇ 15ರಂದು ಅದು ಸ್ಪ್ಲಿಟ್ ಆಯಿತು. 10 ರೂಪಾಯಿ ಮುಖಬೆಲೆಯ ಒಂದು ಷೇರು, 2 ರೂಪಾಯಿ ಮುಖಬೆಲೆಯ ಐದು ಷೇರುಗಳಾಯಿತು. ನಿಮ್ಮಲ್ಲಿ 40 ಷೇರು ಇತ್ತು, ಸ್ಪ್ಲಿಟ್‌ಗೆ ಮುಂಚೆ ಬೆಲೆ 580 ಅಂತ ಲೆಕ್ಕದ ಸುಲಭಕ್ಕೆ ಇಟ್ಟುಕೊಳ್ಳಿ. ಮೊತ್ತ 23,200. ಆಮೇಲೆ 200 ಷೇರು, ಬೆಲೆ 116, ಮೊತ್ತ ಅದೇ 23,200.

ಮೊದಲ ತಪ್ಪು ಹೀಗಾಗುತ್ತದೆ. ಷೇರಿನ ಸಂಖ್ಯೆಯನ್ನು 200 ಮಾಡುತ್ತೀರಿ, ಹೊಸ ಬೆಲೆ ಹಾಕಲು ಮರೆಯುತ್ತೀರಿ. 200ನ್ನು ಹಳೆಯ 580ರಿಂದ ಗುಣಿಸಿ 1,16,000 ಅಂತ ತೋರಿಸುತ್ತದೆ. ಇದು ಕಣ್ಣಿಗೆ ಹೊಡೆಯುವುದರಿಂದ ಬೇಗ ಸಿಕ್ಕಿಬೀಳುತ್ತದೆ. ಆ್ಯಕ್ಷನ್ಸ್ ಮೆನುವಿನ ಸ್ಟಾಕ್ ಸ್ಪ್ಲಿಟ್ ಬಳಸಿದರೆ ಅದೇ ಹೊಸ ಬೆಲೆಯನ್ನೂ ಕೇಳುತ್ತದೆ, ಅಲ್ಲೇ ತುಂಬಿಬಿಡಿ.

ಎರಡನೇ ತಪ್ಪು ಬೇಗ ಸಿಗುವುದಿಲ್ಲ. ಹಳೆಯ ಬೆಲೆಗಳು ಬೇಕು ಅಂತ ಯಾವುದೋ ಜಾಲತಾಣದಿಂದ ಇತಿಹಾಸವನ್ನು ಇಳಿಸಿಕೊಂಡು ಒಟ್ಟಿಗೆ ಸೇರಿಸುತ್ತೀರಿ. ಅಲ್ಲಿ ಹಳೆಯ ಬೆಲೆಗಳನ್ನು ಇವತ್ತಿನ ಷೇರಿನ ಲೆಕ್ಕಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಗ್ರಾಫ್ ನೋಡುವವರಿಗೆ ಅದು ಅನುಕೂಲ, ಇಲ್ಲದಿದ್ದರೆ ಸ್ಪ್ಲಿಟ್ ದಿನ ಗ್ರಾಫ್ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ಆದರೆ ನಿಮ್ಮ ಪುಸ್ತಕದಲ್ಲಿ 2024ರ ಮಾರ್ಚ್‌ನಲ್ಲಿ ಇದ್ದದ್ದು 40 ಷೇರು ಮಾತ್ರ. 580ರ ಜಾಗದಲ್ಲಿ 116 ಬಂದು ಕೂತರೆ ಆ ದಿನದ ಮೊತ್ತ 4,640 ಆಗುತ್ತದೆ. ಇವತ್ತಿನ ಮೊತ್ತ ಸರಿಯಾಗಿಯೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿನ ವರ್ಷದ ವರದಿ ಮಾತ್ರ ಸದ್ದಿಲ್ಲದೆ ಹಾಳಾಗಿರುತ್ತದೆ.

ಇನ್ಫೋಸಿಸ್‌ನಲ್ಲಿ ಇದು ಇನ್ನೂ ಜೋರು. 2014ರ ಡಿಸೆಂಬರ್, 2015ರ ಜೂನ್, 2018ರ ಸೆಪ್ಟೆಂಬರ್, ಮೂರು ಸಲವೂ ಒಂದಕ್ಕೆ ಒಂದು ಬೋನಸ್, ಅಂದರೆ ಇದ್ದ ಪ್ರತಿ ಷೇರಿಗೂ ಇನ್ನೊಂದು ಉಚಿತ. 2014ರ ಶುರುವಿನಲ್ಲಿದ್ದ ಒಂದು ಷೇರು ಈಗ ಎಂಟು. ಹಾಗಾಗಿ ಅಂದಿನ ನಿಜವಾದ ಬೆಲೆಯ ಎಂಟನೇ ಒಂದು ಭಾಗ ಮಾತ್ರ ಇತಿಹಾಸದ ಪಟ್ಟಿಯಲ್ಲಿ ಕಾಣುತ್ತದೆ.

ಯಾಹೂವಿನ ಇತಿಹಾಸದಲ್ಲಿ ಎರಡು ಕಾಲಂ ಇರುತ್ತವೆ, ಕ್ಲೋಸ್ ಮತ್ತು ಅಡ್ಜಸ್ಟೆಡ್ ಕ್ಲೋಸ್. ಹೆಸರು ನೋಡಿದರೆ ಕ್ಲೋಸ್ ಅಂದರೆ ಅಂದಿನ ನಿಜವಾದ ಬೆಲೆ ಅನ್ನಿಸುತ್ತದೆ. ಹಾಗಲ್ಲ. ಕ್ಲೋಸ್ ಕಾಲಂ ಸ್ಪ್ಲಿಟ್‌ಗೆ ತಕ್ಕಂತೆ ಇಳಿಸಿದ್ದು. ಅಡ್ಜಸ್ಟೆಡ್ ಕ್ಲೋಸ್ ಸ್ಪ್ಲಿಟ್ ಜೊತೆಗೆ ಡಿವಿಡೆಂಡನ್ನೂ ಕಳೆದದ್ದು. ಮನೆಯ ಪುಸ್ತಕದಲ್ಲಿ ಡಿವಿಡೆಂಡ್ ಬೇರೆ ಆದಾಯವಾಗಿ ಜಮಾ ಆಗಿರುತ್ತದೆ, ಹಾಗಾಗಿ ಅಡ್ಜಸ್ಟೆಡ್ ಕ್ಲೋಸ್ ನಮಗೆ ಯಾವತ್ತೂ ಬೇಡ. ಕ್ಲೋಸ್ ಬಳಸುವುದಾದರೆ ಸ್ಪ್ಲಿಟ್‌ಗೆ ಮುಂಚಿನ ಸಾಲುಗಳನ್ನು, ಒಂದು ಷೇರು ಎಷ್ಟಾಯಿತೋ ಅಷ್ಟರಿಂದ ಗುಣಿಸಿ ಮೊದಲಿನಂತೆ ಮಾಡಿ, ಕೆನರಾ ಬ್ಯಾಂಕ್‌ಗೆ ಐದರಿಂದ. ಎಕ್ಸ್‌ಚೇಂಜ್‌ನ ಆ ದಿನದ ಹಳೆಯ ಭಾವ್‌ಕಾಪಿ ಸಿಕ್ಕರೆ ಅದೇ ಒಳ್ಳೆಯದು, ಅದರಲ್ಲಿ ಯಾರೂ ಕೈಯಾಡಿಸಿರುವುದಿಲ್ಲ.

ಇನ್ನೊಂದು ಸಣ್ಣ ಮಾತು. ಮುಖಬೆಲೆ ಬದಲಾದಾಗ ಷೇರಿನ ಐಎಸ್‌ಐಎನ್, ಅಂದರೆ ಅದನ್ನು ಗುರುತಿಸುವ ಸಂಖ್ಯೆಯೂ ಬದಲಾಗುತ್ತದೆ. ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಹೊಸ ಸಂಖ್ಯೆ ಕಂಡರೆ ಹೊಸ ಷೇರು ಅಂದುಕೊಂಡು ಇನ್ನೊಂದು ಖಾತೆ ತೆರೆಯಬೇಡಿ.

ಹಂತ 8: ವರದಿ ಯಾವ ಬೆಲೆ ಹಿಡಿಯುತ್ತಿದೆ ಅಂತ ನೋಡಿ

ಬ್ಯಾಲೆನ್ಸ್ ಶೀಟ್ ತೆರೆದು ಆಪ್ಷನ್ಸ್ ಒತ್ತಿ, ಕಮಾಡಿಟೀಸ್ ಪುಟಕ್ಕೆ ಹೋಗಿ. ಪ್ರೈಸ್ ಸೋರ್ಸ್ ಅಂತ ಒಂದು ಆಯ್ಕೆ ಇದೆ. ಇಷ್ಟು ಹೊತ್ತು ಜೋಪಾನವಾಗಿ ಕೂಡಿಟ್ಟ ಬೆಲೆಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಹೇಳುವುದು ಇದೇ.

ಆ್ಯವರೇಜ್ ಕಾಸ್ಟ್ ಆರಿಸಿದರೆ ನೀವು ಕೊಂಡ ಸರಾಸರಿ ಬೆಲೆ. ಇವತ್ತಿನ ಪೇಟೆಯ ಬೆಲೆ ಅದಕ್ಕೆ ಬೇಡ. "ನಾನು ಎಷ್ಟು ಹಣ ಹಾಕಿದ್ದೇನೆ" ಅನ್ನುವುದಕ್ಕೆ ಉತ್ತರ ಅದು. ಮೋಸ್ಟ್ ರೀಸೆಂಟ್ ಆರಿಸಿದರೆ ವರದಿಯ ದಿನಾಂಕ ಯಾವುದೇ ಇರಲಿ, ಪಟ್ಟಿಯಲ್ಲಿರುವ ಇತ್ತೀಚಿನ ಬೆಲೆ. ಹಳೆಯ ವರ್ಷದ ವರದಿಗೆ ಇದನ್ನು ಬಳಸಿದರೆ ಅಂದಿನ ಷೇರಿಗೆ ಇವತ್ತಿನ ಬೆಲೆ ಹಾಕಿದಂತೆ. ಉಳಿದ ಎರಡು ಮುಖ್ಯವಾದವು: ವರದಿಯ ದಿನದವರೆಗಿನ ಕೊನೆಯ ಬೆಲೆ, ಮತ್ತು ವರದಿಯ ದಿನಕ್ಕೆ ಹತ್ತಿರದ ಬೆಲೆ.

ಕೇಳಲು ಎರಡೂ ಒಂದೇ. 2024ರ ಮಾರ್ಚ್ 31ನ್ನು ತೆಗೆದುಕೊಳ್ಳಿ. ಅವತ್ತು ಭಾನುವಾರ. 30 ಶನಿವಾರ. 29 ಗುಡ್ ಫ್ರೈಡೇ, ಪೇಟೆಗೆ ರಜೆ. ಅಂದರೆ ಆ ಹಣಕಾಸು ವರ್ಷದ ಕೊನೆಯ ವಹಿವಾಟಿನ ದಿನ ಮಾರ್ಚ್ 28ರ ಗುರುವಾರ. ಹತ್ತಿರದ ಬೆಲೆ ಅಂತ ಆರಿಸಿದರೆ ಗ್ನೂಕ್ಯಾಶ್ ದಿನ ಎಣಿಸುತ್ತದೆ. ಮಾರ್ಚ್ 28 ಮೂರು ದಿನ ಹಿಂದೆ, ಏಪ್ರಿಲ್ 1ರ ಸೋಮವಾರ ಒಂದೇ ದಿನ ಮುಂದೆ. ಎರಡೂ ದಿನದ ಬೆಲೆ ನಿಮ್ಮಲ್ಲಿದ್ದರೆ ಅದು ಏಪ್ರಿಲ್ 1ನ್ನೇ ಹಿಡಿಯುತ್ತದೆ. ಹೊಸ ವರ್ಷದ ಬೆಲೆ ಹಳೆಯ ವರ್ಷದ ಲೆಕ್ಕದೊಳಗೆ ಬಂದುಬಿಟ್ಟಿತು. ವರ್ಷದ ಕೊನೆಯ ವರದಿಗೆ ಯಾವಾಗಲೂ ದಿನದವರೆಗಿನ ಕೊನೆಯ ಬೆಲೆಯನ್ನೇ ಆರಿಸಿ.

ಅಡ್ವಾನ್ಸ್‌ಡ್ ಪೋರ್ಟ್‌ಫೋಲಿಯೊ ವರದಿಯಲ್ಲಿ ಇನ್ನೊಂದು ಗುರುತು ಇದೆ. ವ್ಯವಹಾರದ ಬೆಲೆಗಿಂತ ಬೆಲೆಯ ಪಟ್ಟಿಗೆ ಆದ್ಯತೆ ಕೊಡು ಅನ್ನುವುದು ಅದರ ಅರ್ಥ. ಗುರುತು ಹಾಕಿಯೇ ಇರಲಿ.

ತೆರಿಗೆಗೆ ಬೇಕಾಗುವ ಗರಿಷ್ಠ ಬೆಲೆ

2018ರ ಫೆಬ್ರವರಿ 1ಕ್ಕೆ ಮುಂಚೆ ಕೊಂಡ ಷೇರು ಮಾರಿದಾಗ ದೀರ್ಘಾವಧಿ ಲಾಭದ ಲೆಕ್ಕಕ್ಕೆ 2018ರ ಜನವರಿ 31ರ ಬೆಲೆ ಬೇಕು. ಯಾವ ಬೆಲೆ? ಆ ದಿನ ಎಕ್ಸ್‌ಚೇಂಜ್‌ನಲ್ಲಿ ನಮೂದಾದ ಗರಿಷ್ಠ ಬೆಲೆ. ಕ್ಲೋಸ್ ಅಲ್ಲ, ಲಾಸ್ಟ್ ಅಲ್ಲ. ನೂರು ಷೇರನ್ನು 200ರಂತೆ ಕೊಂಡಿದ್ದಿರಿ, ಆ ದಿನದ ಗರಿಷ್ಠ 310, ಕ್ಲೋಸ್ 302, ಈಗ 500ಕ್ಕೆ ಮಾರಿದಿರಿ ಅನ್ನಿ. ಕೊಂಡ ಬೆಲೆ ಅಂತ ಹಿಡಿಯಬೇಕಾದದ್ದು 310. ಕ್ಲೋಸ್ ಹಾಕಿದರೆ ಇಲ್ಲದ 800 ರೂಪಾಯಿ ಲಾಭಕ್ಕೆ ತೆರಿಗೆ ಕಟ್ಟುತ್ತೀರಿ. ಫಂಡಿನ ಯೂನಿಟ್‌ಗಾದರೆ ಆ ದಿನದ ಎನ್‌ಎವಿ.

ಈ ಗರಿಷ್ಠ ಬೆಲೆಯನ್ನು ಬೆಲೆಯ ಪಟ್ಟಿಗೆ ಹಾಕಬೇಡಿ. ದಿನಕ್ಕೆ ಒಂದೇ ಬೆಲೆ ಅಂತ ಆಗಲೇ ಹೇಳಿದೆನಲ್ಲ, ಅದು ಬಂದರೆ ಆ ದಿನದ ಮುಕ್ತಾಯದ ಬೆಲೆ ಹೋಗುತ್ತದೆ. ಷೇರಿನ ಖಾತೆಯ ಟಿಪ್ಪಣಿಯಲ್ಲಿ ಬರೆದಿಡಿ. ವಿದೇಶಿ ಕಂಪನಿಯ ಷೇರು ಸಂಬಳದ ಜೊತೆ ಬಂದಿರುವ ಬೆಂಗಳೂರಿನ ಗೆಳೆಯರಿಗೂ ಇದೇ ಮಾತು. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರ ಬರೆಯುವ ಶೆಡ್ಯೂಲ್ ಎಫ್‌ಎ ಕೇಳುವುದು ಕ್ಯಾಲೆಂಡರ್ ವರ್ಷದ ಅತಿ ಹೆಚ್ಚಿನ ಮೌಲ್ಯ ಮತ್ತು ಡಿಸೆಂಬರ್ 31ರ ಮೌಲ್ಯ. ಡಾಲರಿಗೆ ಎಸ್‌ಬಿಐನ ಟಿಟಿ ಬೈಯಿಂಗ್ ದರ (ಬ್ಯಾಂಕ್ ಡಾಲರ್ ಕೊಳ್ಳುವ ದರ) ಹಿಡಿಯಬೇಕು, ಇಂಟರ್‌ನೆಟ್‌ನಿಂದ ತಾನಾಗಿ ಬಂದ ದರವಲ್ಲ.

ಡೈರಿಯಿಂದ ಪಟ್ಟಿಗೆ

ಮನೆಯಲ್ಲಿ ಹಳೆಯ ಡೈರಿ ಇದ್ದರೆ ಎಸೆಯಬೇಡಿ. ಅಮ್ಮನ ಡೈರಿಯಲ್ಲಿ ಕೆನರಾ ಬ್ಯಾಂಕಿನ ಬೆಲೆ ಒಂದು ಪುಟದಲ್ಲಿ ಐನೂರರ ಮೇಲಿದೆ, ಎರಡು ಪುಟ ತಿರುಗಿಸಿದರೆ ನೂರರ ಆಸುಪಾಸು. ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ "1ಕ್ಕೆ 5 ಆಯ್ತು" ಅಂತ ಬರೆದಿದ್ದಾರೆ. ಯಾರೂ ಇಳಿಸದ, ಏರಿಸದ ಬೆಲೆಗಳು ಅವು. ನಾನು ಇಳಿಸಿಕೊಂಡಿದ್ದ ಇತಿಹಾಸವನ್ನೆಲ್ಲ ಅಳಿಸಿ ಇವನ್ನೇ ಹಾಕಿದೆ.

ಹಾಕುವುದು ಕಷ್ಟವಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ದಿನಾಂಕ, ಬೆಲೆ, ಷೇರಿನ ಚಿಹ್ನೆ, ಪೇಟೆಯ ಹೆಸರು, ನಾಣ್ಯ ಅಂತ ಐದು ಕಾಲಂ ಮಾಡಿ. ಸಿಎಸ್‌ವಿ ಆಗಿ ಉಳಿಸಿ. ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ಬೆಲೆಗಳನ್ನು ಸಿಎಸ್‌ವಿಯಿಂದ ತರುವ ಆಯ್ಕೆ ಇದೆ. ಮೊದಲು ಪುಸ್ತಕದ ಒಂದು ನಕಲು ಮಾಡಿಕೊಳ್ಳಿ, ಮೂರು ನಾಲ್ಕು ಸಾಲು ಹಾಕಿ ನೋಡಿ, ಸರಿ ಬಂದರೆ ಉಳಿದದ್ದು.

ದಿನಾಂಕ ಮಾತ್ರ ನೋಡಿಕೊಳ್ಳಿ. ಬೆಳಗಿನ ಪೇಪರಿನಲ್ಲಿ ಇರುವುದು ಹಿಂದಿನ ದಿನದ ಮುಕ್ತಾಯದ ಬೆಲೆ. ಅಮ್ಮ ಬರೆದದ್ದು ಪೇಪರಿನ ದಿನಾಂಕ. ಹಾಗಾಗಿ ಡೈರಿಯ ಪ್ರತಿ ಸಾಲನ್ನೂ ಅದರ ಹಿಂದಿನ ವಹಿವಾಟಿನ ದಿನಕ್ಕೆ ಸರಿಸಿದೆ. ಅಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಓದಿ ಹೇಳಿದರು, ನಾನು ಗೋಡೆಯ ಕ್ಯಾಲೆಂಡರ್ ನೋಡಿ ರಜೆ ಎಣಿಸಿ ಟೈಪ್ ಮಾಡಿದೆ.